ದಿನ ತುಂಬದ ಕಣ್ಣು

ಕೊಳಕು ನೀರು, ಇಕ್ಕಟ್ಟಾದ ವಸತಿ, ಅರೆಹೊಟ್ಟೆ ಇವುಗಳ ಜಾಡು ಹಿಡಿದು ಬರುವ ವ್ಯಾಧಿಗಳ ಚರಿತ್ರೆಯನ್ನೇ ಓದಿ ರೂಢಿಯಾದವರಿಗೆ, ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಅತ್ಯಂತ ಸುಸಜ್ಜಿತ ಆಸ್ಪತ್ರೆಗಳನ್ನೇ ಹೊಕ್ಕು, ಅಲ್ಲಿಯೂ ಅತಿಶಯವಾದ ಶುಶ್ರೂಷೆಗೆ ಪಾತ್ರವಾದ ಶಿಶುಗಳನ್ನೇ ಹಿಡಿದು, ಅವುಗಳ ಎರಡು ಕಣ್ಣುಗಳ ದೃಷ್ಟಿಯನ್ನೂ ಅಪಹರಿಸಿದ ರೋಗವೊಂದರ ವೃತ್ತಾಂತ ವಿಪರೀತವಾಗಿ ತೋರಬಹುದು. ಹಣವೂ ಯಂತ್ರಗಳೂ ತಜ್ಞರೂ ಹೇರಳವಾಗಿದ್ದ ಬಾಸ್ಟನ್ನಿನಲ್ಲಿ ಅದು ಮೊದಲು ಗುರುತಿಗೆ ಬಂದಿತು. ದಿನ ತುಂಬುವ ಮೊದಲೇ ಹುಟ್ಟಿದ ಕೂಸನ್ನು ಹತ್ತಿಯಲ್ಲಿ ಸುತ್ತಿ ದೇವರ ಮೇಲೆ ಭಾರ ಹಾಕುವುದರ ಹೊರತು ಬೇರೆ ಉಪಾಯವಿಲ್ಲದಿದ್ದ ನಾಡುಗಳಲ್ಲಿ ಅದರ ಸುಳಿವೇ ಇರಲಿಲ್ಲ. ಅಲ್ಲಿ ಅಂಥ ಕೂಸುಗಳು ಕುರುಡಾಗುವಷ್ಟು ಕಾಲ ಬದುಕಿ ಉಳಿಯುತ್ತಿರಲಿಲ್ಲವೆಂಬುದು ಕಾರಣದ ಒಂದು ಭಾಗ ಮಾತ್ರ. ಉಳಿದ ಭಾಗವನ್ನು ಕಂಡುಕೊಳ್ಳಲು ವೈದ್ಯರಿಗೆ ಹನ್ನೆರಡು ವರ್ಷ ಹಿಡಿಯಿತು. ಆ ಹನ್ನೆರಡು ವರ್ಷಗಳೂ ಅನಂತರದ ಎಪ್ಪತ್ತು ವರ್ಷಗಳೂ ಸೇರಿ ಸ್ಥಾಪಿಸಿದ ಸಂಗತಿಯೆಂದರೆ, ಈ ರೋಗದ ವಿಷಯದಲ್ಲಿ ಔಷಧಕ್ಕಿಂತಲೂ ಶಸ್ತ್ರಕ್ಕಿಂತಲೂ ದಿನ-ವಾರಗಳ ಲೆಕ್ಕವೇ ಪ್ರಬಲವಾದುದು. ಶಸ್ತ್ರವೈದ್ಯನ ಕೌಶಲ ಎಷ್ಟೆಷ್ಟು ಬೆಳೆಯಿತೋ ಅಷ್ಟಷ್ಟೂ ಈ ಮಾತು ಗಟ್ಟಿಯಾಗುತ್ತ ಬಂದಿತು.

1942ರಲ್ಲಿ ಬಾಸ್ಟನ್ ನಗರದ ನೇತ್ರತಜ್ಞ ಥಿಯೋಡರ್ ಟೆರಿ, ಅವಧಿಗೆ ಬಹಳ ಮುಂಚೆ ಹುಟ್ಟಿದ್ದ ಶಿಶುಗಳ ಕಣ್ಣಿನಲ್ಲಿ ಪಾಪೆಯ ಹಿಂದೆ, ಮಸೂರದ ಬೆನ್ನಿಗೆ ಅಂಟಿಕೊಂಡಂತೆ ಬೆಳೆದಿದ್ದ ಬೂದುಬಿಳಿಯ ಪೊರೆಯೊಂದನ್ನು ವರ್ಣಿಸಿ ಲೇಖನ ಪ್ರಕಟಿಸಿದನು. ಗರ್ಭದಲ್ಲಿ ಮಸೂರಕ್ಕೆ ರಕ್ತವನ್ನೊದಗಿಸಿ ಆಮೇಲೆ ಮಾಯವಾಗಬೇಕಾದ ನಾಳಗಳು ಮಾಯವಾಗದೆ ಉಳಿದು ಹೀಗೆ ಬೆಳೆದಿರಬೇಕೆಂಬುದು ಅವನ ಊಹೆ. ಊಹೆ ತಪ್ಪಾಗಿದ್ದಿತು, ನಿರೀಕ್ಷಣೆ ಮಾತ್ರ ಸರಿಯಾಗಿದ್ದಿತು. ಆ ಬಿಳಿಯ ಪೊರೆ ಹೊಸದಾಗಿ ಹುಟ್ಟಿದ ಪದಾರ್ಥವಲ್ಲ, ತನ್ನ ನೆಲೆಯಿಂದ ಕಿತ್ತು ಮುದುಡಿ ಮುಂದಕ್ಕೆ ಬಂದ ಅಕ್ಷಿಪಟಲವೇ, ಎಂದರೆ ರೆಟಿನಾವೇ, ಎಂಬುದು ತಿಳಿಯುವುದಕ್ಕೆ ಮುಂಚೆಯೇ, 1946ರಲ್ಲಿ, ಟೆರಿ ತೀರಿಕೊಂಡನು. ಅಷ್ಟರಲ್ಲಿ ರೋಗಕ್ಕೆ ರೆಟ್ರೊಲೆಂಟಲ್ ಫೈಬ್ರೊಪ್ಲೇಸಿಯ ಎಂಬ ಉದ್ದದ ಹೆಸರು ಬಂದಿದ್ದಿತು. ಇಂದು ವೈದ್ಯರು ಅದನ್ನು ರೆಟಿನೋಪತಿ ಆಫ್ ಪ್ರಿಮೆಚ್ಯುರಿಟಿ ಎಂದೂ, ಆಸ್ಪತ್ರೆಯ ನಿತ್ಯದ ಮಾತಿನಲ್ಲಿ ಆರ್‌ಒಪಿ ಎಂದೂ ಕರೆಯುತ್ತಾರೆ. 1941ರಿಂದ 1953ರವರೆಗೆ ಲೋಕದಲ್ಲಿ ಸುಮಾರು ಹತ್ತು ಸಾವಿರ ಶಿಶುಗಳು ಇದರಿಂದ ಅಂಧರಾದರೆಂದೂ, ಅವರಲ್ಲಿ ಏಳು ಸಾವಿರ ಮಂದಿ ಅಮೆರಿಕದವರೇ ಎಂದೂ ಅಂದಾಜು. 1950ರಲ್ಲಿ ಮಿಷಿಗನ್ ಪ್ರಾಂತದಲ್ಲಿ ಹುಟ್ಟಿದ ಗಾಯಕ ಸ್ಟೀವೀ ವಂಡರ್ ಆ ಪೀಳಿಗೆಗೆ ಸೇರಿದವನು.

ರೋಗ ಹೇಗೆ ಉಂಟಾಗುತ್ತದೆಂಬುದನ್ನು ಅರಿಯಬೇಕಾದರೆ, ಗರ್ಭದ ಕತ್ತಲಿನಲ್ಲಿ ಕಣ್ಣು ಸಿದ್ಧವಾಗುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಬೇಕಾಗುತ್ತದೆ. ಅಕ್ಷಿಪಟಲಕ್ಕೆ ಮೊದಮೊದಲು ಸ್ವಂತ ರಕ್ತನಾಳಗಳೇ ಇರುವುದಿಲ್ಲ. ಗರ್ಭದ ಹದಿನಾರನೆಯ ವಾರದ ಸುಮಾರಿಗೆ, ದೃಷ್ಟಿನರವು ಕಣ್ಣಿನೊಳಕ್ಕೆ ಪ್ರವೇಶಿಸುವ ಬಿಂದುವಿನಿಂದ ಹೊರಟು ಅವು ಸುತ್ತಲೂ ಹರಡತೊಡಗುತ್ತವೆ. ಮೂಗಿನ ಪಕ್ಕದ ಅಂಚು ಹತ್ತಿರವಾದ್ದರಿಂದ 36ನೆಯ ವಾರದ ಹೊತ್ತಿಗೆ ಅದನ್ನು ತಲಪುತ್ತವೆ. ಕಿವಿಯ ಪಕ್ಕದ ಅಂಚು ದೂರದ್ದು, ಅದನ್ನು ಮುಟ್ಟುವ ವೇಳೆಗೆ ನವಮಾಸ ತುಂಬಿ ಪ್ರಸವಕಾಲ ಬಂದಿರುತ್ತದೆ. ಈ ಮುನ್ನಡೆಗೆ ಪ್ರೇರಕವಾದುದು ಅಭಾವ. ಕಾಲುವೆಯ ನೀರು ಇನ್ನೂ ಬಾರದ ಕಟ್ಟಕಡೆಯ ಗದ್ದೆಯವನು ಕೂಗುಹಾಕುವಂತೆ, ರಕ್ತ ತಲಪದಿರುವ ಅಂಚಿನ ಅಂಗಾಂಶ ಆಮ್ಲಜನಕ ಸಾಲದೆಂದು ಒಂದು ರಾಸಾಯನಿಕ ಸಂಜ್ಞೆಯನ್ನು ಹೊರಡಿಸುತ್ತದೆ. ವಿಇಜಿಎಫ್ ಎಂಬ ಹೆಸರಿನ ಆ ಪ್ರೋಟೀನಿನ ಜಾಡನ್ನು ಹಿಡಿದು ನಾಳಗಳು ಮುಂದುವರಿಯುತ್ತವೆ. ಅಭಾವ ಮಿತವಾಗಿರುವುದರಿಂದ ಸಂಜ್ಞೆಯೂ ಮಿತ, ಬೆಳವಣಿಗೆಯೂ ಕ್ರಮಬದ್ಧ. ಗರ್ಭಸ್ಥ ಶಿಶುವಿನ ರಕ್ತದಲ್ಲಿ ಆಮ್ಲಜನಕದ ಒತ್ತಡ ಪಾದರಸದ ಸುಮಾರು 30 ಮಿಲಿಮೀಟರಿನಷ್ಟು ಮಾತ್ರ. ಗಾಳಿಯನ್ನುಸಿರಾಡುವ ನಮ್ಮ ನಿಮ್ಮ ಅಪಧಮನಿಗಳಲ್ಲಿ ಅದು ನೂರರ ಸಮೀಪ. ಈ ಅಂತರವೇ ಮುಂದಿನ ಸಕಲ ಅನರ್ಥಗಳ ಮೂಲ.

ಏಳನೆಯ ತಿಂಗಳಲ್ಲಿ ಹೊರಬಿದ್ದ ಕೂಸಿನ ಅಕ್ಷಿಪಟಲದಲ್ಲಿ ನಾಳಗಳು ಅರ್ಧದಾರಿಯಲ್ಲಿರುತ್ತವೆ. ಒಮ್ಮೆಗೇ ರಕ್ತದಲ್ಲಿ ಆಮ್ಲಜನಕ ಸಮೃದ್ಧವಾಗುತ್ತದೆ. ಕೃತಕವಾಗಿ ಇನ್ನಷ್ಟನ್ನು ಕೊಟ್ಟರಂತೂ ಉಕ್ಕಿ ಹರಿಯುತ್ತದೆ. ಅಭಾವವಿಲ್ಲದಾಗ ಸಂಜ್ಞೆಯಿಲ್ಲ, ಸಂಜ್ಞೆಯಿಲ್ಲದಾಗ ಬೆಳವಣಿಗೆಯಿಲ್ಲ. ಅಷ್ಟೇ ಅಲ್ಲ, ಎಳೆಯ ನಾಳಗಳು ಕುಗ್ಗಿ ಮುಚ್ಚಿಹೋಗುತ್ತವೆ. ಇದು ರೋಗದ ಪೂರ್ವಾರ್ಧ. ಇದು ನಿಶ್ಶಬ್ದವಾಗಿ ನಡೆದುಹೋಗುತ್ತದೆ. ಉತ್ತರಾರ್ಧ ಬರುವುದು ಕೆಲವು ವಾರಗಳ ತರುವಾಯ. ತಾಯಿಯ ಕೊನೆಯ ಮುಟ್ಟಿನಿಂದೆಣಿಸಿ 32ನೆಯ ವಾರದ ಆಚೆಗೆ ಅಕ್ಷಿಪಟಲದ ಬೆಳಕರಿಯುವ ಕಣಗಳು ಪ್ರೌಢವಾಗತೊಡಗಿ, ಅವುಗಳ ಆಮ್ಲಜನಕದ ಬಯಕೆ ಮಿತಿಮೀರುತ್ತದೆ, ಪೂರೈಸಲು ನಾಳಗಳಿಲ್ಲ. ಆಗ ಸಂಜ್ಞೆ ಮಿತವಾಗಿ ಅಲ್ಲ, ಪ್ರವಾಹವಾಗಿ ಹೊರಡುತ್ತದೆ. ಅದಕ್ಕೆ ಓಗೊಟ್ಟು ಬರುವ ನಾಳಗಳು ಹಾದಿ ಬಿಟ್ಟು, ಅಕ್ಷಿಪಟಲದ ಮೇಲೆ ಹರಡುವುದಕ್ಕೆ ಬದಲಾಗಿ ಕಣ್ಣಿನ ನಡುವೆ ತುಂಬಿರುವ ಪಾರದರ್ಶಕ ಲೋಳೆಯೊಳಕ್ಕೆ ನುಗ್ಗುತ್ತವೆ. ಸೋರುತ್ತವೆ, ರಕ್ತ ಸುರಿಸುತ್ತವೆ, ಕೊನೆಗೆ ನಾರಾಗಿ ಮಾರ್ಪಟ್ಟು ಸಂಕೋಚಗೊಂಡು ಅಕ್ಷಿಪಟಲವನ್ನೇ ಅದರ ಹಾಸಿನಿಂದ ಎಳೆದು ಕಿತ್ತುಬಿಡುತ್ತವೆ. ಟೆರಿ ಕಂಡದ್ದು ಈ ನಾಟಕದ ಅಂತಿಮ ದೃಶ್ಯವನ್ನು ಮಾತ್ರ.

ಆಮ್ಲಜನಕದ ಮೇಲೆ ಸಂಶಯ ಬರಲು ಅಷ್ಟು ತಡವಾದುದೇಕೆ? ಅದು ಪ್ರಾಣವಾಯು, ಪ್ರಾಣವಾಯುವನ್ನು ಯಾರು ಸಂಶಯಿಸುತ್ತಾರೆ? ಅಕಾಲದಲ್ಲಿ ಹುಟ್ಟಿದ ಶಿಶು ತಡೆತಡೆದು ಉಸಿರಾಡುತ್ತದೆ, ನೀಲಿಗಟ್ಟುತ್ತದೆ. ಆಮ್ಲಜನಕ ಕೊಟ್ಟೊಡನೆ ಉಸಿರು ಸರಾಗವಾಗಿ ಮೈ ಕೆಂಪೇರುತ್ತದೆ. ಪ್ರತ್ಯಕ್ಷವಾದ ಈ ಪ್ರಯೋಜನವನ್ನು ಕಂಡ ಮೇಲೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಒಳಿತೆಂದು ನಂಬುವುದು ಸಹಜವಾಗಿದ್ದಿತು. ಹಳೆಯ ಇನ್‌ಕ್ಯುಬೇಟರುಗಳಲ್ಲಿ ಸಂದುಗಳಿಂದ ಅನಿಲ ಸೋರಿಹೋಗುತ್ತಿದ್ದುದರಿಂದ ಅತಿಯಾಗಿ ಕೊಡಬೇಕೆಂದರೂ ಸಾಧ್ಯವಿರಲಿಲ್ಲ. 1940ರ ದಶಕದಲ್ಲಿ ಬಂದ ಬಿಗಿಯಾದ ಹೊಸ ಪೆಟ್ಟಿಗೆಗಳು ಆ ಅಡಚಣೆಯನ್ನು ನಿವಾರಿಸಿದವು. ಸಿರಿವಂತ ಆಸ್ಪತ್ರೆಗಳು ಅವನ್ನು ಮೊದಲು ಕೊಂಡವು, ರೋಗವನ್ನೂ ಮೊದಲು ಕಂಡವು. ಕಾರಣವನ್ನು ಹುಡುಕುವವರು ಮಾತ್ರ ಬೆಳಕು, ಕಬ್ಬಿಣ, ಹಸುವಿನ ಹಾಲು, ವಿಟಮಿನ್ನುಗಳು, ತಾಯಿಯ ಸೋಂಕು ಮೊದಲಾಗಿ ಹತ್ತಾರು ವಸ್ತುಗಳನ್ನು ಶಂಕಿಸುತ್ತ ಹೋದರು.

ಆ ಕಾಲದ ಒಂದು ಪ್ರಸಂಗವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ನ್ಯೂಯಾರ್ಕಿನ ಶಿಶುವೈದ್ಯ ವಿಲಿಯಂ ಸಿಲ್ವರ್‌ಮನ್ ಮತ್ತು ಅವನ ಸಹೋದ್ಯೋಗಿಗಳು, ಆಗತಾನೆ ಪವಾಡದ ಔಷಧವೆಂದು ಹೆಸರು ಪಡೆದಿದ್ದ ಎಸಿಟಿಎಚ್ ಎಂಬ ಹಾರ್ಮೋನನ್ನು ರೋಗಪೀಡಿತ ಶಿಶುಗಳಿಗೆ ಕೊಟ್ಟುನೋಡಿದರು. 31 ಶಿಶುಗಳಲ್ಲಿ 25ರ ಕಣ್ಣು ಉಳಿಯಿತು. ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ ಈ ಔಷಧವನ್ನು ಪಡೆಯದ ಏಳು ಶಿಶುಗಳಲ್ಲಿ ಆರು ಕುರುಡಾದವು. ಇದಕ್ಕಿಂತ ನಿಚ್ಚಳವಾದ ಸಾಕ್ಷ್ಯ ಬೇಕೆ? ಯಾರಾದರೂ ಜಯಘೋಷ ಮಾಡಿಬಿಡಬಹುದಾಗಿದ್ದ ಆ ಘಟ್ಟದಲ್ಲಿ ಸಿಲ್ವರ್‌ಮನ್ ತನ್ನ ಮೇಲೆಯೇ ಅವಿಶ್ವಾಸ ತಾಳಿ, ಒಂದೇ ಆಸ್ಪತ್ರೆಯಲ್ಲಿ ಯಾವ ಶಿಶುವಿಗೆ ಔಷಧ, ಯಾವುದಕ್ಕೆ ಇಲ್ಲ ಎಂಬುದನ್ನು ವೈದ್ಯನ ಇಚ್ಛೆಗೆ ಬಿಡದೆ, ಪೆಟ್ಟಿಗೆಯಿಂದ ನೀಲಿ ಇಲ್ಲವೆ ಬಿಳಿಯ ಗೋಲಿಯನ್ನೆತ್ತಿ ನಿಶ್ಚಯಿಸುವ ಏರ್ಪಾಡು ಮಾಡಿದನು. ಪರಿಣಾಮ ತಿರುಗುಮುರುಗಾಯಿತು: ಔಷಧ ಪಡೆದವುಗಳಲ್ಲಿ ಮೂರರಲ್ಲೊಂದು, ಪಡೆಯದವುಗಳಲ್ಲಿ ಐದರಲ್ಲೊಂದು ಶಿಶು ಕುರುಡಾಯಿತು, ಸಾವೂ ಔಷಧ ಪಡೆದವುಗಳಲ್ಲೇ ಹೆಚ್ಚಾಯಿತು. ರೋಗದ ಆರಂಭದ ಹಂತದಲ್ಲಿ ಬಹುಪಾಲು ಕಣ್ಣುಗಳು ತಾವಾಗಿಯೇ ಗುಣವಾಗುತ್ತವೆಂಬ ಸಂಗತಿಯೇ ಮೊದಲಿನ ಯಶಸ್ಸಿನ ಗುಟ್ಟಾಗಿದ್ದಿತು. ಈ ಗೋಲಿಗಳನ್ನು ನೆನೆದಾಗಲೆಲ್ಲ ನನಗೆ, ಆಮೇಲೆ ಬಂದ ಲೇಸರು ಕ್ಯಾಮರಾಗಳಿಗಿಂತ ಇವು ದೊಡ್ಡ ಉಪಕರಣವೆನ್ನಿಸುವುದುಂಟು.

ಆಮ್ಲಜನಕದ ಕಡೆಗೆ ಮೊದಲು ಬೆರಳು ತೋರಿಸಿದವರಲ್ಲಿ ಪ್ರಮುಖಳು ಆಸ್ಟ್ರೇಲಿಯದ ಮೆಲ್ಬರ್ನಿನ ಶಿಶುವೈದ್ಯೆ ಕೇಟ್ ಕ್ಯಾಂಬೆಲ್. 1951ರಲ್ಲಿ ಅವಳು ಪ್ರಕಟಿಸಿದ ಹೋಲಿಕೆಯಲ್ಲಿ, ಆಮ್ಲಜನಕವನ್ನು ಧಾರಾಳವಾಗಿ ಬಳಸುತ್ತಿದ್ದ ಕಡೆ ನೂರಕ್ಕೆ ಸುಮಾರು 19 ಶಿಶುಗಳಿಗೂ, ಮಿತವಾಗಿ ಬಳಸುತ್ತಿದ್ದ ಕಡೆ ನೂರಕ್ಕೆ ಸುಮಾರು 7 ಶಿಶುಗಳಿಗೂ ರೋಗ ಬಂದಿದ್ದಿತು. ಅದೇ ಕಾಲದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮೇರಿ ಕ್ರಾಸ್ ಕೂಡ ಇಂಥದೇ ಸಂಶಯವನ್ನು ಮುಂದಿಟ್ಟಳು. ವಾಷಿಂಗ್ಟನ್ನಿನ ಗ್ಯಾಲಿಂಜರ್ ಆಸ್ಪತ್ರೆಯಲ್ಲಿದ್ದ ತರುಣ ನೇತ್ರವೈದ್ಯ ಆರ್ನಲ್ ಪಾಟ್ಜ್ ಇದನ್ನು ಪ್ರಯೋಗದಿಂದ ಪರೀಕ್ಷಿಸಹೊರಟಾಗ, ಶಿಶುಗಳಿಗೆ ಆಮ್ಲಜನಕವನ್ನು ಕಡಿಮೆ ಮಾಡುವುದು ಅಧರ್ಮವೆಂದು ಭಾವಿಸಿದವರೇ ಸುತ್ತಲೂ ಇದ್ದರು. ಸರ್ಕಾರದ ಧನಸಹಾಯ ದೊರೆಯದೆ ಅವನು ಸೋದರನಿಂದ ಹಣ ತರಬೇಕಾಯಿತು. ರಾತ್ರಿಯ ಪಾಳಿಯ ದಾದಿಯರಂತೂ, ಈ ವೈದ್ಯ ಕೂಸುಗಳನ್ನು ಉಸಿರುಗಟ್ಟಿಸುತ್ತಿದ್ದಾನೆಂದು ಮರುಗಿ, ಅವನು ಮನೆಗೆ ಹೋದ ಮೇಲೆ ಆಮ್ಲಜನಕದ ತಿರುಪನ್ನು ಮೆಲ್ಲನೆ ತಿರುಗಿಸಿ ಹೆಚ್ಚಿಸಿಬಿಡುತ್ತಿದ್ದರಂತೆ. ಆ ತಾಯಂದಿರನ್ನು ದೂಷಿಸಲು ಮನಸ್ಸು ಬಾರದು. ಇತ್ತ ಲಂಡನ್ನಿನಲ್ಲಿ ನಾರ್ಮನ್ ಆ್ಯಷ್‌ಟನ್, ಹುಟ್ಟುವಾಗ ಅಕ್ಷಿಪಟಲ ಅಪಕ್ವವಾಗಿಯೇ ಇರುವ ಬೆಕ್ಕಿನ ಮರಿಗಳನ್ನು ಅಧಿಕ ಆಮ್ಲಜನಕದಲ್ಲಿರಿಸಿ, ಅವುಗಳ ರಕ್ತನಾಳಗಳು ಮುಚ್ಚಿಹೋಗುವುದನ್ನೂ, ಸಾಮಾನ್ಯ ಗಾಳಿಗೆ ತಂದಾಗ ಹುಚ್ಚುನಾಳಗಳು ಚಿಗುರುವುದನ್ನೂ 1953ರ ಹೊತ್ತಿಗೆ ತೋರಿಸಿಕೊಟ್ಟನು. ಅಮೆರಿಕದ 18 ಆಸ್ಪತ್ರೆಗಳು ಒಂದುಗೂಡಿ 1953ರಲ್ಲಿ ಆರಂಭಿಸಿದ ಪರೀಕ್ಷೆಯ ಫಲ ಮಾರನೆಯ ವರ್ಷ ಪ್ರಕಟವಾದಾಗ ಸಂಶಯಕ್ಕೆ ಎಡೆಯೇ ಉಳಿಯಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ವಿಜ್ಞಾನದ ವಿಜಯಗಾಥೆಗಳ ಸಾಲಿಗೆ ಸೇರುತ್ತಿತ್ತು. ಆದರೆ ಆ 18 ಆಸ್ಪತ್ರೆಗಳ ಪರೀಕ್ಷೆಯಲ್ಲಿ ಶಿಶುಗಳನ್ನು ಸೇರಿಸಿಕೊಂಡದ್ದು ಹುಟ್ಟಿದ 48 ಗಂಟೆಗಳ ನಂತರ. ಆಮ್ಲಜನಕ ಸಾಲದೆ ಸಾಯಬಹುದಾದ ಶಿಶು ಸಾಯುವುದೋ ಬಹುತೇಕ ಆ 48 ಗಂಟೆಗಳ ಒಳಗೆ. ಹೀಗಾಗಿ ಮಿತವಾದ ಆಮ್ಲಜನಕದಿಂದ ಪ್ರಾಣಹಾನಿಯಿಲ್ಲವೆಂಬ ಸಮಾಧಾನ, ನೋಡಬೇಕಾದಲ್ಲಿ ನೋಡದೆ ಪಡೆದ ಸಮಾಧಾನವಾಗಿದ್ದಿತು. ಆಸ್ಪತ್ರೆಗಳು ನೂರಕ್ಕೆ 40ರ ಮಿತಿಯನ್ನು ಶಾಸನವೆಂಬಂತೆ ಅಂಗೀಕರಿಸಿ, ಹುಟ್ಟಿದ ಕ್ಷಣದಿಂದಲೇ ಜಾರಿಗೆ ತಂದವು. ಕುರುಡು ಥಟ್ಟನೆ ಇಳಿಯಿತು. ಅದರೊಂದಿಗೆ ಶ್ವಾಸಕೋಶ ಬಲಿಯದ ಶಿಶುಗಳು ಮೊದಲ ದಿನಗಳಲ್ಲೇ ಸಾಯುವುದು ಹೆಚ್ಚಿತು. ಇದು ಕುರುಡಿನಂತೆ ಎದ್ದುಕಾಣುವ ವಸ್ತುವಲ್ಲವಾದ್ದರಿಂದ ಗಮನಕ್ಕೆ ಬರಲು ವರ್ಷಗಳೇ ಹಿಡಿದವು. 1973ರಲ್ಲಿ ಇಂಗ್ಲೆಂಡಿನ ಕೆನೆತ್ ಕ್ರಾಸ್ ಲೆಕ್ಕಹಾಕಿ, ಒಂದು ಮಗುವಿನ ದೃಷ್ಟಿಯನ್ನು ಉಳಿಸಲು ಸುಮಾರು 16 ಮಕ್ಕಳ ಪ್ರಾಣವನ್ನು ತೆತ್ತಿರಬೇಕೆಂದು ಬರೆದನು. ಆ ಲೆಕ್ಕ ಅಂದಾಜಿನದೇ ಆದರೂ ಅದರ ಭಾರ ಕಡಿಮೆಯಾಗಲಾರದು. ಪ್ರಾಣಕ್ಕೂ ದೃಷ್ಟಿಗೂ ನಡುವೆ ಇರುವ ಈ ಕಿರಿದಾದ ಓಣಿಯ ಅಗಲವನ್ನು ಅಳೆಯುವ ಕೆಲಸ ನಮ್ಮ ಕಾಲಕ್ಕೂ ಮುಗಿದಿಲ್ಲ. ರಕ್ತದ ಆಮ್ಲಜನಕವನ್ನು ಚರ್ಮದ ಮೇಲಿನಿಂದಲೇ ಅಳೆಯುವ ಪಲ್ಸ್ ಆಕ್ಸಿಮೀಟರು ಬಂದ ಮೇಲೆ, 2010ರಲ್ಲಿ ಪ್ರಕಟವಾದ ಸಪೋರ್ಟ್ ಎಂಬ ಪರೀಕ್ಷೆಯಲ್ಲಿ ಆಮ್ಲಜನಕದ ಸಂತೃಪ್ತಿಯನ್ನು ನೂರಕ್ಕೆ 85ರಿಂದ 89ರ ಮಟ್ಟದಲ್ಲಿರಿಸಿದ ಶಿಶುಗಳಲ್ಲಿ, 91ರಿಂದ 95ರಲ್ಲಿರಿಸಿದವುಗಳಿಗಿಂತ ತೀವ್ರವಾದ ನೇತ್ರರೋಗ ಅರ್ಧದಷ್ಟಿದ್ದಿತು. ಮರಣ ಮಾತ್ರ ಹೆಚ್ಚಾಗಿದ್ದಿತು. ಇಂದು ಬಹುತೇಕ ಕಡೆ ಮೇಲಿನ ಮಟ್ಟವನ್ನೇ ಆಯ್ದುಕೊಂಡಿದ್ದಾರೆ. ಎಂದರೆ, ಮೊದಲು ಮಗು ಬದುಕಲಿ, ಕಣ್ಣಿನ ರೋಗ ಬಂದರೆ ಹಿಡಿದು ನಿಲ್ಲಿಸೋಣ ಎಂಬ ನಿರ್ಧಾರ. ಹಿಡಿದು ನಿಲ್ಲಿಸುವವರು ಇದ್ದಲ್ಲಿ ಮಾತ್ರ ಅರ್ಥವುಳ್ಳ ನಿರ್ಧಾರ.

ಹಿಡಿಯಬೇಕಾದರೆ ಮೊದಲು ನೋಡಬೇಕು. ಅಕ್ಷಿಪಟಲದ ದೂರದ ಅಂಚನ್ನು, ಅದೂ ಹದಿನಾರು ಹದಿನೇಳು ಮಿಲಿಮೀಟರು ಉದ್ದದ ಎಳೆಗಣ್ಣಿನಲ್ಲಿ, ಕಾಣಬಲ್ಲ ಉಪಕರಣ ಟೆರಿಯ ಕೈಯಲ್ಲಿರಲಿಲ್ಲ. ಬೆಲ್ಜಿಯಂ ದೇಶದಿಂದ ಬಂದ ಚಾರ್ಲ್ಸ್ ಶೆಪೆನ್ಸ್, ಯುದ್ಧಾನಂತರ ರೂಪಿಸಿದ, ತಲೆಗೆ ಕಟ್ಟಿಕೊಂಡು ಎರಡು ಕಣ್ಣುಗಳಿಂದಲೂ ನೋಡುವ ಪರೋಕ್ಷ ನೇತ್ರದರ್ಶಕ ಆ ಕೊರತೆಯನ್ನು ತುಂಬಿತು. ಅದರಿಂದ ಕಂಡದ್ದನ್ನು ಒಬ್ಬರು ಇನ್ನೊಬ್ಬರಿಗೆ ಹೇಳಲು ಸಮಾನ ಪರಿಭಾಷೆಯಾದರೂ ಬೇಕಲ್ಲವೆ? 1984ರಲ್ಲಿ ನಾನಾ ದೇಶಗಳ ತಜ್ಞರು ಕೂಡಿ ಅಕ್ಷಿಪಟಲವನ್ನು ಮೂರು ವಲಯಗಳಾಗಿ ವಿಂಗಡಿಸಿ, ರೋಗಕ್ಕೆ ಹಂತಗಳನ್ನು ಗೊತ್ತುಮಾಡಿದರು. ಮೊದಲನೆಯ ಹಂತದಲ್ಲಿ ನಾಳಗಳಿರುವ ಭಾಗಕ್ಕೂ ಇಲ್ಲದ ಭಾಗಕ್ಕೂ ನಡುವೆ ತೆಳುವಾದ ಗೆರೆ. ಎರಡನೆಯದರಲ್ಲಿ ಅದು ದಿಣ್ಣೆಯಾಗುತ್ತದೆ. ಮೂರನೆಯದರಲ್ಲಿ ದಿಣ್ಣೆಯಿಂದ ಹೊಸ ನಾಳಗಳು ಏಳುತ್ತವೆ. ನಾಲ್ಕನೆಯದರಲ್ಲಿ ಅಕ್ಷಿಪಟಲ ಭಾಗಶಃ, ಐದನೆಯದರಲ್ಲಿ ಪೂರ್ತಿಯಾಗಿ ಕಳಚಿಕೊಳ್ಳುತ್ತದೆ. ಹಿಂಬದಿಯ ನಾಳಗಳು ಉಬ್ಬಿ ಸೊಟ್ಟಪಟ್ಟವಾಗಿದ್ದರೆ ಅದಕ್ಕೆ ಪ್ಲಸ್ ಎಂಬ ಸಂಕೇತ. ಯಾವ ವೈದ್ಯನನ್ನು ಕೇಳಿದರೂ ಹಂತದ ಸಂಖ್ಯೆಗಿಂತ ಪ್ಲಸ್ ಎಂಬ ಮಾತಿಗೇ ಅವನು ಹೆಚ್ಚು ಬೆಚ್ಚುತ್ತಾನೆ.

ಚಿಕಿತ್ಸೆಯ ಮೊದಲ ಹೆಜ್ಜೆಯನ್ನಿಟ್ಟವನು ಜಪಾನಿನ ನಗಾತಾ. ನಾಳಗಳಿಲ್ಲದ ಅಂಚಿನ ಅಕ್ಷಿಪಟಲವನ್ನು ತೀಕ್ಷ್ಣವಾದ ಬೆಳಕಿನಿಂದ ಸುಟ್ಟರೆ ರೋಗ ನಿಲ್ಲುತ್ತದೆಂದು 1960ರ ದಶಕದ ಕೊನೆಯಲ್ಲಿ ಅವನು ತೋರಿಸಿದನು. ಸುಡುವುದರ ತರ್ಕ ಈಗ ಸ್ಪಷ್ಟವಾಗಿದೆ: ಕೂಗುವ ಅಂಗಾಂಶವೇ ಇಲ್ಲವಾದರೆ ಕೂಗೂ ಇಲ್ಲ, ಹುಚ್ಚುನಾಳಗಳೂ ಇಲ್ಲ. ಅಂಚಿನ ದೃಷ್ಟಿಯನ್ನು ತ್ಯಾಗಮಾಡಿ ನಡುವಿನ ದೃಷ್ಟಿಯನ್ನು ಕಾಪಾಡುವ ವ್ಯವಹಾರ ಇದು. ಅಮೆರಿಕದಲ್ಲಿ 1986ರಲ್ಲಿ ಆರಂಭವಾದ ಕ್ರಯೊ-ಆರ್‌ಒಪಿ ಪರೀಕ್ಷೆಯಲ್ಲಿ ಸುಡುವ ಬದಲು ಹೆಪ್ಪುಗಟ್ಟಿಸಿದರು. ಎರಡು ಕಣ್ಣುಗಳಲ್ಲಿಯೂ ರೋಗ ಸಮನಾಗಿದ್ದ ಶಿಶುವಿನ ಒಂದು ಕಣ್ಣಿಗೆ ಚಿಕಿತ್ಸೆ ಮಾಡಿ ಇನ್ನೊಂದನ್ನು ಹಾಗೆಯೇ ಬಿಟ್ಟರು. ಮೂರು ತಿಂಗಳಲ್ಲಿ ಕೆಟ್ಟ ಪರಿಣಾಮ ನೂರಕ್ಕೆ 43ರಿಂದ 22ಕ್ಕೆ ಇಳಿದಿದ್ದಿತು. ಆಮೇಲೆ ಬಂದ ಲೇಸರು ಹಿಮಶಲಾಕೆಗಿಂತ ಸೌಮ್ಯವಾದುದಾದ್ದರಿಂದ ಬೇಗನೆ ಅದರ ಸ್ಥಾನವನ್ನು ಪಡೆಯಿತು. 2003ರಲ್ಲಿ ಪ್ರಕಟವಾದ ಇಟಿಆರ್‌ಒಪಿ ಪರೀಕ್ಷೆ ಹೊಸ ಉಪಕರಣವನ್ನೇನೂ ತರಲಿಲ್ಲ. ಕಾಯಬೇಡಿ, ಇನ್ನೂ ಮುಂಚೆಯೇ ಚಿಕಿತ್ಸೆ ಮಾಡಿ ಎಂದಷ್ಟೇ ಹೇಳಿತು. ಅಷ್ಟರಿಂದಲೇ ಅಕ್ಷಿಪಟಲ ಕೆಡುವ ಪ್ರಮಾಣ ನೂರಕ್ಕೆ ಸುಮಾರು 16ರಿಂದ 9ಕ್ಕೆ ಇಳಿಯಿತು. ಚಿಕಿತ್ಸೆ ಬೇಕೆಂದು ನಿರ್ಧಾರವಾದ ಮೇಲೆ ಎರಡು ಮೂರು ದಿನಗಳೊಳಗೆ ಅದು ನಡೆಯಬೇಕೆಂಬ ನಿಯಮ ಅಲ್ಲಿಂದ ಬಂದುದು.

ಅದೂ ಮೀರಿ ಅಕ್ಷಿಪಟಲ ಕಳಚತೊಡಗಿದರೆ ಶಸ್ತ್ರಕ್ರಿಯೆಯೊಂದೇ ದಾರಿ. ಈ ಕಿರಿಗಣ್ಣಿನ ಮೇಲಿನ ಶಸ್ತ್ರಕ್ರಿಯೆ ವಯಸ್ಕರ ಕಣ್ಣಿನ ಶಸ್ತ್ರಕ್ರಿಯೆಯ ಸಂಕ್ಷಿಪ್ತ ಪ್ರತಿಯೆಂದು ತಿಳಿಯಬಾರದು. ದೊಡ್ಡವರ ಕಣ್ಣಿನಲ್ಲಿ ಕರಿಗುಡ್ಡೆಯಿಂದ ಮೂರು ನಾಲ್ಕು ಮಿಲಿಮೀಟರು ಹಿಂದೆ, ಅಕ್ಷಿಪಟಲಕ್ಕೂ ತಾಗದೆ ಮಸೂರಕ್ಕೂ ತಾಗದೆ ಉಪಕರಣವನ್ನು ತೂರಿಸಲು ಒಂದು ಸುರಕ್ಷಿತ ಪಟ್ಟಿಯಿದೆ. ಶಿಶುವಿನಲ್ಲಿ ಆ ಪಟ್ಟಿ ಇನ್ನೂ ರೂಪುಗೊಂಡಿರುವುದೇ ಇಲ್ಲ. ಸ್ವಲ್ಪ ಹಿಂದೆ ಚುಚ್ಚಿದರೆ ಅಕ್ಷಿಪಟಲ ತೂತಾಗುತ್ತದೆ, ಮತ್ತು ಶಿಶುವಿನ ಅಕ್ಷಿಪಟಲದಲ್ಲಿ ತೂತಾಯಿತೆಂದರೆ ಆ ಕಣ್ಣನ್ನು ಬಹುಮಟ್ಟಿಗೆ ಕಳೆದುಕೊಂಡಂತೆಯೇ. ಆದುದರಿಂದ ಇನ್ನೂ ಮುಂದೆ, ಪಾಪೆಯ ಪರದೆಯ ಬುಡದಲ್ಲಿ ಪ್ರವೇಶಿಸಬೇಕು. ಅಲ್ಲಿ ಕಣ್ಣಿನ ಗಾತ್ರಕ್ಕೆ ಮೀರಿದಂತೆ ತುಂಬಿಕೊಂಡಿರುವ ಮಸೂರ ಎದುರಾಗುತ್ತದೆ. ಮಸೂರವನ್ನು ಉಳಿಸಿಕೊಂಡೇ ಒಳಗಿನ ಲೋಳೆಯನ್ನೂ ನಾರಿನ ಸೆಳೆತವನ್ನೂ ಕತ್ತರಿಸಿ ತೆಗೆಯುವ ವಿಧಾನ 1990ರ ದಶಕದಲ್ಲಿ ನೆಲೆಗೊಂಡಿತು. ಅದರ ಪ್ರವರ್ತಕರಲ್ಲಿ ಮಿಷಿಗನ್ನಿನ ಮೈಕೆಲ್ ಟ್ರೀಸ್ ಮುಖ್ಯನು. ಈಗ ಅರ್ಧ ಮಿಲಿಮೀಟರಿನಷ್ಟು ತೆಳುವಾದ ಉಪಕರಣಗಳಿಂದ ಹೊಲಿಗೆಯ ಅಗತ್ಯವೇ ಹೆಚ್ಚಾಗಿ ಬೀಳದಂತೆ ಈ ಕೆಲಸವನ್ನು ಮಾಡುತ್ತಾರೆ. ನಾಲ್ಕನೆಯ ಹಂತದ ಪೂರ್ವಭಾಗದಲ್ಲಿ, ಸೂಕ್ಷ್ಮದೃಷ್ಟಿಯ ಕೇಂದ್ರ ಇನ್ನೂ ಕಳಚಿರದಾಗ, ಇದು ಬಹುತೇಕ ಸಫಲವಾಗುತ್ತದೆ. ಐದನೆಯ ಹಂತದಲ್ಲಿ ಅಕ್ಷಿಪಟಲ ಮಡಿಸಿಕೊಂಡು ಆಲಿಕೆಯ ಆಕಾರ ತಾಳಿರುತ್ತದೆ. ಬಾಸ್ಟನ್ನಿನಲ್ಲಿ ಹಿರೋಸೆಯಂಥ ನಿಪುಣರು ಕಾರ್ನಿಯಾವನ್ನೇ ಬಿಡಿಸಿ ತೆಗೆದಿರಿಸಿ, ತೆರೆದ ಕಣ್ಣಿನೊಳಗೆ ಪದರ ಪದರವಾಗಿ ನಾರನ್ನು ಸುಲಿದು ಆ ಆಲಿಕೆಯನ್ನು ಬಿಡಿಸುವ ಸಾಹಸವನ್ನು ಮಾಡಿದರು. ಅಕ್ಷಿಪಟಲ ತನ್ನ ಹಾಸಿಗೆ ಮರಳಿ ಅಂಟಿದಾಗಲೂ ಹಲವು ಮಕ್ಕಳಿಗೆ ಲಭಿಸುವುದು ಬೆಳಕಿದೆಯೋ ಇಲ್ಲವೋ ಎಂಬುದನ್ನರಿಯುವಷ್ಟು ದೃಷ್ಟಿ ಮಾತ್ರ. ಅದನ್ನು ತುಚ್ಛವೆನ್ನಲಾಗದು, ಕಿಟಕಿ ಯಾವ ಕಡೆಗಿದೆಯೆಂದು ಅರಿಯಬಲ್ಲ ಮಗುವಿನ ಬಾಳು ಏನೂ ಅರಿಯದ ಮಗುವಿನ ಬಾಳಿಗಿಂತ ಸುಗಮ. ಆದರೂ ನಾಲ್ಕು ಗಂಟೆಗಳ ಅಂಥ ಶಸ್ತ್ರಕ್ರಿಯೆಗೆ ಸಿಗದುದು, ಎರಡು ತಿಂಗಳ ಹಿಂದೆ ಹತ್ತು ನಿಮಿಷದ ಪರೀಕ್ಷೆಗೂ ಅರ್ಧ ತಾಸಿನ ಲೇಸರಿಗೂ ಸಿಗಬಹುದಾಗಿದ್ದಿತೆಂಬುದನ್ನು ಶಸ್ತ್ರವೈದ್ಯರೇ ಎಲ್ಲರಿಗಿಂತ ಹೆಚ್ಚಾಗಿ ಹೇಳುತ್ತಾರೆ.

ನಮ್ಮ ದೇಶಕ್ಕೆ ಈ ರೋಗ ಬಂದುದು ಮೂರನೆಯ ಅಲೆಯಲ್ಲಿ. ಮೊದಲ ಅಲೆ ಆಮ್ಲಜನಕದ ಅತಿಬಳಕೆಯಿಂದ. ಎರಡನೆಯದು 1970ರ ನಂತರ ಸಿರಿವಂತ ದೇಶಗಳಲ್ಲಿ, ಒಂದು ಕಿಲೋ ತೂಗದ ಕೂಸುಗಳೂ ಬದುಕತೊಡಗಿದ್ದರಿಂದ. ಮೂರನೆಯದನ್ನು ಗುರುತಿಸಿದ ಲಂಡನ್ನಿನ ಕ್ಲೇರ್ ಗಿಲ್ಬರ್ಟ್, ಸಾವಿರ ಜನನಕ್ಕೆ 9ರಿಂದ 60 ಶಿಶುಮರಣವಿರುವ ನಡುಮಟ್ಟದ ದೇಶಗಳಲ್ಲಿಯೇ ಇದು ಹೆಚ್ಚೆಂದು ತೋರಿಸಿದಳು. ಶಿಶುಗಳನ್ನು ಬದುಕಿಸುವಷ್ಟು ಆರೈಕೆ ಅಲ್ಲಿಗೆ ತಲಪಿದೆ. ಕಣ್ಣುಳಿಸುವಷ್ಟು ಹದವಾದ ಆರೈಕೆ ತಲಪಿಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಶಿಶುಗಳು ಅವಧಿಗೆ ಮುನ್ನ ಹುಟ್ಟುತ್ತವೆ. ಗಾಳಿಯೊಂದಿಗೆ ಬೆರೆಸುವ ಸಾಧನವಿಲ್ಲದೆ ಕೊಳವೆಯಿಂದ ನೇರವಾಗಿ ಶುದ್ಧ ಆಮ್ಲಜನಕ ಹರಿಯುವ ಆಸ್ಪತ್ರೆಗಳು ನಮ್ಮಲ್ಲಿ ವಿರಳವಲ್ಲ. ಅಮೆರಿಕದಲ್ಲಿ ಒಂದೂವರೆ ಕಿಲೋಗಿಂತ ಹೆಚ್ಚು ತೂಗುವ ಕೂಸನ್ನು ಸಾಮಾನ್ಯವಾಗಿ ಪರೀಕ್ಷಿಸುವುದೇ ಇಲ್ಲ. ನಮ್ಮಲ್ಲಿ ಅದಕ್ಕಿಂತ ದೊಡ್ಡವೂ ಕುರುಡಾಗುವುದರಿಂದ, ಎರಡು ಕಿಲೋಗಿಂತ ಕಡಿಮೆ ತೂಗುವ ಇಲ್ಲವೆ 34 ವಾರಕ್ಕೆ ಮುಂಚೆ ಹುಟ್ಟಿದ ಪ್ರತಿಯೊಂದು ಶಿಶುವಿನ ಕಣ್ಣನ್ನೂ ಮೂವತ್ತು ದಿನಗಳೊಳಗೆ ನೋಡಬೇಕೆಂಬ ನಿಯಮವಿದೆ. 28 ವಾರಕ್ಕೂ ಮುಂಚೆ ಹುಟ್ಟಿದವುಗಳಿಗೆ ಇನ್ನೂ ಬೇಗ, ಎರಡು ಮೂರು ವಾರದಲ್ಲೇ.

ಈ ಮೂವತ್ತು ದಿನಗಳು ಎಂಥವೆಂಬುದನ್ನು ಯೋಚಿಸಬೇಕು. ಕೂಸು ತೂಕ ಕೂಡಿಸಿಕೊಂಡಿದೆ, ಹಾಲು ಕುಡಿಯುತ್ತಿದೆ, ಮನೆಗೆ ಹೋಗಿದೆ ಇಲ್ಲವೆ ಹೋಗುವುದರಲ್ಲಿದೆ. ಕಣ್ಣಿನ ಹೊರಗಡೆ ಕೆಂಪಿಲ್ಲ, ನೀರಿಲ್ಲ, ಯಾವ ಲಕ್ಷಣವೂ ಇಲ್ಲ. ಬಾಣಂತನದ ಮನೆಯಿಂದ ನೂರು ಮೈಲಿ ದೂರದ ಪಟ್ಟಣಕ್ಕೆ, ಚೆನ್ನಾಗಿರುವ ಕಣ್ಣನ್ನು ತೋರಿಸಲು, ಹಸುಗೂಸನ್ನು ಹೊತ್ತು ಬಾ ಎಂದರೆ ಯಾವ ಅಜ್ಜಿ ತಾನೆ ಒಪ್ಪಿಯಾಳು? ಪಾಪೆಯ ಹಿಂದೆ ಬಿಳುಪು ಕಂಡ ಮೇಲೆ ಎಲ್ಲರೂ ಓಡಿಬರುತ್ತಾರೆ. ಆದರೆ ಆ ಬಿಳುಪು ಐದನೆಯ ಹಂತ. 1996ರಲ್ಲಿ ಚೆನ್ನೈಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ 29ನೆಯ ವಾರದಲ್ಲಿ ಹುಟ್ಟಿದ ಹೆಣ್ಣುಮಗುವಿನ ಕಣ್ಣನ್ನು ಯಾರೂ ಪರೀಕ್ಷಿಸದೆ, ಪರೀಕ್ಷಿಸಬೇಕೆಂದು ತಂದೆತಾಯಿಗಳಿಗೆ ತಿಳಿಸಲೂ ಇಲ್ಲದೆ, ಅದು ಅಂಧವಾಯಿತು. ಸುಪ್ರೀಂ ಕೋರ್ಟು 2015ರಲ್ಲಿ ಸುಮಾರು 1.8 ಕೋಟಿ ರೂಪಾಯಿಗಳ ಪರಿಹಾರವನ್ನು ವಿಧಿಸಿತು. ಯಾವ ವೈದ್ಯಸಮ್ಮೇಳನದ ನಿರ್ಣಯಕ್ಕಿಂತಲೂ ಹೆಚ್ಚಾಗಿ ಆ ತೀರ್ಪು ನಮ್ಮ ಆಸ್ಪತ್ರೆಗಳನ್ನು ಎಚ್ಚರಗೊಳಿಸಿತೆಂದರೆ ತಪ್ಪಾಗಲಾರದು.

ತಾಯಿ ಪಟ್ಟಣಕ್ಕೆ ಬರಲಾರಳೆಂದ ಮೇಲೆ ಪರೀಕ್ಷೆಯೇ ಅವಳಿದ್ದಲ್ಲಿಗೆ ಹೋಗಬೇಕು. ಈ ಸರಳವಾದ ಆಲೋಚನೆಯನ್ನು ವ್ಯವಸ್ಥೆಯಾಗಿ ಮಾರ್ಪಡಿಸಿದ ಕೀರ್ತಿ ಕರ್ನಾಟಕದ್ದು. ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಡಾ. ಆನಂದ್ ವಿನೇಕರ್ ಅವರ ನೇತೃತ್ವದಲ್ಲಿ 2008ರಲ್ಲಿ ಆರಂಭವಾಗಿ, ಮುಂದೆ ರಾಜ್ಯಸರ್ಕಾರದ ಸಹಭಾಗಿತ್ವವನ್ನೂ ಪಡೆದ ಕಿಡ್‌ರಾಪ್ ಯೋಜನೆಯಲ್ಲಿ, ನೇತ್ರವೈದ್ಯರಲ್ಲದ ತಂತ್ರಜ್ಞರು ರೆಟ್‌ಕ್ಯಾಮ್ ಎಂಬ ಕ್ಯಾಮರಾವನ್ನು ವಾಹನದಲ್ಲಿರಿಸಿಕೊಂಡು ಜಿಲ್ಲೆ ಜಿಲ್ಲೆಯ ನವಜಾತ ಶಿಶುಘಟಕಗಳಿಗೆ ಗೊತ್ತಾದ ದಿನಗಳಲ್ಲಿ ಹೋಗುತ್ತಾರೆ. ಹನಿ ಹಾಕಿ ಪಾಪೆಯನ್ನು ಹಿಗ್ಗಿಸಿ, ಕೂಸನ್ನು ಬಟ್ಟೆಯಲ್ಲಿ ಸುತ್ತಿ, ನೋವು ಮರೆಯಲು ಬಾಯಿಗೆ ಒಂದೆರಡು ಹನಿ ಸಕ್ಕರೆನೀರು ಬಿಟ್ಟು, ಅಕ್ಷಿಪಟಲದ ಚಿತ್ರಗಳನ್ನು ತೆಗೆಯುತ್ತಾರೆ. ತೆಗೆಯುವುದಷ್ಟೇ ಅಲ್ಲ, ಒಡನೆಯೇ ಅವನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಲೂ ಅವರಿಗೆ ಶಿಕ್ಷಣವಿದೆ. ಚಿತ್ರಗಳು ಅಂತರ್ಜಾಲದ ಮೂಲಕ ಬೆಂಗಳೂರಿನ ತಜ್ಞರ ಕೈಫೋನಿಗೆ ತಲಪಿ, ತಾಯಿ ಆಸ್ಪತ್ರೆಯ ಬಾಗಿಲು ದಾಟುವ ಮುನ್ನ ಅಭಿಪ್ರಾಯ ಮರಳಿಬರುತ್ತದೆ. ಚಿಕಿತ್ಸೆ ಬೇಕಾದರೆ ಲೇಸರೂ ಅಲ್ಲಿಗೇ ಹೋಗುತ್ತದೆ. ಉತ್ತರ ಕರ್ನಾಟಕದ ಎಷ್ಟೋ ಜಿಲ್ಲೆಗಳಲ್ಲಿ ಎಳೆಗೂಸಿನ ಅಕ್ಷಿಪಟಲವನ್ನು ನೋಡಬಲ್ಲ ವೈದ್ಯರೇ ಇಲ್ಲದಿದ್ದಾಗ ಇದು ನಡೆಯಿತೆಂಬುದನ್ನು ನೆನೆದರೆ ಇದರ ಬೆಲೆ ತಿಳಿಯುತ್ತದೆ. ಆಮದಾದ ಕ್ಯಾಮರಾದ ಬೆಲೆ ಮಾತ್ರ ದುಬಾರಿ. ಬೆಂಗಳೂರಿನಲ್ಲಿಯೇ ತಯಾರಾದ ಅಗ್ಗದ ಕ್ಯಾಮರಾಗಳು ಆ ಮೇಲೆ ಬಂದುವು. ಚಿತ್ರವನ್ನು ನೋಡಿ ಪ್ಲಸ್ ಇದೆಯೆ ಇಲ್ಲವೆ ಎಂದು ಹೇಳಬಲ್ಲ ಗಣಕವಿಧಾನಗಳೂ ಈಗ ಸಿದ್ಧವಾಗುತ್ತಿವೆ.

ಇತ್ತೀಚಿನ ಸಂಗತಿಯೆಂದರೆ ಚುಚ್ಚುಮದ್ದು. ಕೂಗುವ ಅಂಗಾಂಶವನ್ನು ಸುಡುವ ಬದಲು ಕೂಗನ್ನೇ ಅಡಗಿಸಿದರೇನು? ಕರುಳಿನ ಕ್ಯಾನ್ಸರಿಗೆಂದು ಹುಟ್ಟಿದ ಬೆವಾಸಿಜುಮ್ಯಾಬ್ ವಿಇಜಿಎಫ್ ಪ್ರೋಟೀನನ್ನು ಬಂಧಿಸುವಂಥದು. ಅದರ ಅತ್ಯಲ್ಪ ಪ್ರಮಾಣವನ್ನು ಕಣ್ಣಿನೊಳಕ್ಕೆ ಕೊಟ್ಟಾಗ, ಕೇಂದ್ರದ ಒಂದನೆಯ ವಲಯದ ಉಗ್ರರೋಗದಲ್ಲಿ ಲೇಸರಿಗಿಂತ ಮೇಲಾದ ಫಲ ಕಂಡಿತೆಂದು 2011ರಲ್ಲಿ ಬೀಟ್-ಆರ್‌ಒಪಿ ಪರೀಕ್ಷೆ ತಿಳಿಸಿತು. ರಾನಿಬಿಜುಮ್ಯಾಬನ್ನು ಯೂರೋಪು 2019ರಲ್ಲಿಯೂ, ಅಫ್ಲಿಬರ್‌ಸೆಪ್ಟನ್ನು ಅಮೆರಿಕ 2023ರಲ್ಲಿಯೂ ಈ ರೋಗಕ್ಕೆ ಅಂಗೀಕರಿಸಿದವು. ಇದರಲ್ಲಿ ಅಂಚಿನ ದೃಷ್ಟಿಯ ತ್ಯಾಗವಿಲ್ಲ. ನಾಳಗಳು ಸರಿದಾರಿಗೆ ಬಂದು ಮುಂದುವರಿಯಲೂಬಹುದು. ಲೇಸರಿಗಾಗಿ ಅರ್ಧ ತಾಸು ಕದಲದಂತೆ ಹಿಡಿದಿಡಲಾಗದ ದುರ್ಬಲ ಶಿಶುವಿಗೆ ಇದು ಒಂದೆರಡು ನಿಮಿಷದ ಕೆಲಸ. ಆದರೆ ಕಣ್ಣಿನಿಂದ ರಕ್ತಕ್ಕೆ ಸ್ವಲ್ಪ ಮದ್ದು ಇಳಿಯುವುದರಿಂದ, ಇನ್ನೂ ಬೆಳೆಯುತ್ತಿರುವ ಮಿದುಳು ಶ್ವಾಸಕೋಶಗಳ ಮೇಲೆ ಅದರ ಪರಿಣಾಮವೇನೆಂದು ವೈದ್ಯರು ಇನ್ನೂ ಕಣ್ಣಿಟ್ಟು ನೋಡುತ್ತಿದ್ದಾರೆ. ಅದಕ್ಕಿಂತ ಹತ್ತಿರದ ತೊಡಕು ಮತ್ತೆ ಕಾಲದ್ದೇ. ಲೇಸರಿನ ಬಳಿಕ ರೋಗ ಮರುಕಳಿಸುವುದಾದರೆ ಆರು ವಾರಗಳ ಸುಮಾರಿಗೆ ಮರುಕಳಿಸುತ್ತದೆ. ಬೆವಾಸಿಜುಮ್ಯಾಬಿನ ಬಳಿಕ, ಆ ಪರೀಕ್ಷೆಯಲ್ಲಿ, ಸರಾಸರಿ ಹದಿನಾರು ವಾರಗಳ ಅನಂತರ ಮರುಕಳಿಸಿತು. ಅಷ್ಟರಲ್ಲಿ ಕೂಸಿಗೆ ಹೆಸರಿಟ್ಟು ತೊಟ್ಟಿಲು ಕಟ್ಟಿ, ತಾಯಿ ತವರಿನಿಂದ ಗಂಡನ ಮನೆಗೆ ಹೋಗಿ, ಫೋನಿನ ಸಂಖ್ಯೆಯೂ ಬದಲಾಗಿರುತ್ತದೆ. ಯಾದಗಿರಿ ರಾಯಚೂರುಗಳ ಕಡೆ ಸುಗ್ಗಿ ಮುಗಿದೊಡನೆ ಇಡೀ ಕುಟುಂಬ ಕೂಲಿಗೆಂದು ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿರುವುದೂ ಉಂಟು. ಈ ಕಾರಣದಿಂದಲೇ, ಮದ್ದು ಕೈಯಲ್ಲಿದ್ದರೂ, ದೂರದ ಹಳ್ಳಿಯ ಕೂಸಿಗೆ ಒಂದೇ ಸಲಕ್ಕೆ ಮುಗಿಯುವ ಹಳೆಯ ಲೇಸರನ್ನೇ ಆಯ್ದುಕೊಳ್ಳುವ ನೇತ್ರವೈದ್ಯರು ಇದ್ದಾರೆ. ಚುಚ್ಚುಮದ್ದನ್ನು ಕೊಡುವವರು, ಕೊಡುವುದಕ್ಕೆ ಮೊದಲು, ಮುಂದಿನ ಆರು ತಿಂಗಳು ನೀವು ಎಲ್ಲಿರುತ್ತೀರಿ ಎಂದು ತಂದೆತಾಯಿಗಳನ್ನು ವಿಚಾರಿಸಿಕೊಳ್ಳುತ್ತಾರೆ.